ಬೈನೆ ಮರದಲ್ಲಿ ಸಿಕ್ಕಿಕೊಂಡ ಅಪ್ಪ

ಅಪ್ಪ ಮರದ ಮೇಲೆಯೇ ನಿಂತುಬಿಟ್ಟ ದಿನ ಭಾನುವಾರ. ಬೇರೆ ದಿನವಾಗಿದ್ದರೆ ಆ ಹೊತ್ತಿಗೆ ನಾನು ಮಡಂತ್ಯಾರಿನ ಹೊಲಿಗೆ ಅಂಗಡಿಯಲ್ಲಿ ಇರುತ್ತಿದ್ದೆ.

ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಮೀಸೆ ಮೂಡುವ ಮೊದಲೇ ಅಪ್ಪ ಮೂರ್ತೆಗೆ ಇಳಿದವರು, ಅಂದರೆ ಮರ ಹತ್ತಿ ಕಳ್ಳು ಇಳಿಸುವ ಕೆಲಸಕ್ಕೆ. ಮೊಣಕಾಲು ನೋವು ಶುರುವಾದ ಮೇಲೆ ಊರಿನವರ ತೆಂಗಿನ ಮರಗಳನ್ನೆಲ್ಲ ಬಿಟ್ಟು, ಮನೆಯ ಹಿಂದಿನ ಒಂದು ಬೈನೆ ಮರವನ್ನು ಮಾತ್ರ ಉಳಿಸಿಕೊಂಡಿದ್ದರು. ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಮನೆಯಲ್ಲೇ ಇಳಿಸಿದ ಸಾರಾಯಿ ಸ್ವಲ್ಪವಾದರೂ ಇರಬೇಕೆಂಬುದು ಅವರ ಹಟ. ಅದಕ್ಕೆಂದು ಬೇಸಗೆಯಲ್ಲಿ ಒಂದೇ ಒಂದು ಸಲ, ಒಂದೇ ಬಾಟಲಿಯಷ್ಟು ಇಳಿಸುತ್ತಿದ್ದರು. ಸರಕಾರ ಒಪ್ಪುವ ಕೆಲಸವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬೇಡ ಎನ್ನುತ್ತಿದ್ದೆ, ಅವರು ಕೇಳಿಸದವರಂತೆ ಸೌದೆ ಒಡೆಯುತ್ತಿದ್ದರು.

ಆ ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದೆ. ಬೈನೆಯ ಹೂಗೊನೆಯನ್ನು ಅಪ್ಪ ಮರದ ತುಂಡಿನಿಂದ ಮೆಲ್ಲ ಬಡಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು. ಇಳಿದು ಬರುತ್ತಾರೆ ಅಂದುಕೊಂಡೆ. ಎರಡು ಲಂಗ ಹಿಂಡಿ ಹಾಕಿದರೂ ಬರಲಿಲ್ಲ. ಹೋಗಿ ನೋಡಿದರೆ ಮರವನ್ನು ಎಡಗೈಯಲ್ಲಿ ತಬ್ಬಿಕೊಂಡು ನಿಂತಿದ್ದಾರೆ. ಬಲಗೈ ಜೋತು ಬಿದ್ದಿತ್ತು.

"ಅಪ್ಪಾ, ಎಂತಾಯ್ತು?"

"ಕಾಲು ಬರುವುದಿಲ್ಲ ಮಗಾ. ಬಲಬದಿ ನನ್ನದಲ್ಲದ ಹಾಗೆ ಆಗ್ತಾ ಉಂಟು."

ಬೈನೆ ಮರಕ್ಕೆ ಕಟ್ಟಿದ್ದು ಗೆಣ್ಣುಗಳಲ್ಲಿ ಕವಲು ಉಳಿಸಿದ ಒಂಟಿ ಬಿದಿರು. ಅದೇ ಏಣಿ. ನಾನು ಸೀರೆ ಎತ್ತಿ ಕಟ್ಟಿ ಎರಡು ಮೆಟ್ಟಿಲು ಹತ್ತಿದೆ. ಬಿದಿರು ಅಲುಗಾಡಿತು, ಮೇಲೆ ಅಪ್ಪ ಕೂಗಿಕೊಂಡರು. "ಬೇಡ, ಬೇಡ, ಇಳಿ! ಇಬ್ಬರೂ ಬೀಳ್ತೇವೆ." ಇಳಿದೆ. ಅವರ ಸೊಂಟದಲ್ಲಿ ಹಗ್ಗವಿತ್ತು, ಅದನ್ನು ಒಂದೇ ಕೈಯಲ್ಲಿ ಹೇಗೋ ಮರಕ್ಕೆ ಸುತ್ತಿ ಸಿಕ್ಕಿಸಿಕೊಂಡರು.

ನಮ್ಮ ಕಡೆ ತೆಂಗಿನಕಾಯಿ ಕೀಳುವ ಬ್ಯಾರಿ ಹುಡುಗರ ಪೈಕಿ ಹಿರಿಯವನ ನಂಬರ್ ನನ್ನಲ್ಲಿತ್ತು. ಫೋನ್ ಮಾಡಿದೆ. "ಬಂದೆ ಅಕ್ಕ, ಹದಿನೈದು ನಿಮಿಷ. ಅಲ್ಲಿಯವರೆಗೆ ಅವರ ಹತ್ತಿರ ಮಾತಾಡ್ತಾ ಇರಿ, ನಿದ್ದೆ ಬರಬಾರದು" ಎಂದ.

ಎಂತ ಮಾತಾಡುವುದು? ಮೇಲೆ ಕೊಯ್ದ ಗೊನೆಯಿಂದ ಹನಿ ಬಿದ್ದು ಅಪ್ಪನ ಹೆಗಲು ಒದ್ದೆಯಾಗುತ್ತಿತ್ತು. ಜೇನ್ನೊಣಗಳು ಬಂದು ಕೂರುತ್ತಿದ್ದವು. ಅವನ್ನು ಓಡಿಸಲು ಅವರಿಗೆ ಕೈ ಇರಲಿಲ್ಲ, ನನಗೆ ಎಟುಕುತ್ತಿರಲಿಲ್ಲ.

"ಮಧ್ಯಾಹ್ನಕ್ಕೆ ಎಂತ ಮಾಡುವ ಅಪ್ಪಾ?"

"ಬೂತಾಯಿ ಮೀನು ಸಿಕ್ಕಿದರೆ ಪುಳಿಮುಂಚಿ ಮಾಡು."

"ಸಿಕ್ಕದಿದ್ದರೆ?"

ಅದಕ್ಕೆ ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದೆ. ಬಾಯಿ ತುಂಬ ಅನ್ನ ಇಟ್ಟುಕೊಂಡವರ ಹಾಗೆ ಏನೋ ಅಂದರು. ನನ್ನ ಕಣ್ಣೆದುರೇ ಮಾತು ಒಂದೊಂದಾಗಿ ಹೋಗುತ್ತಿತ್ತು. ನಾನು ಮರದ ಬುಡ ಹಿಡಿದುಕೊಂಡು, "ಹಾಂ ಅಪ್ಪಾ, ಹಾಂ" ಎನ್ನುತ್ತಲೇ ಇದ್ದೆ.

ತೆಂಗಿನಕಾಯಿ ಕೀಳುವ ಹುಡುಗ ತಮ್ಮನೊಂದಿಗೆ ಬಂದ. ಇಬ್ಬರೂ ಸೇರಿ ಅಪ್ಪನನ್ನು ಹಗ್ಗದಲ್ಲಿ ಇಳಿಸಿ, ಓಮ್ನಿಯಲ್ಲಿ ಮಲಗಿಸಿ, ನನ್ನನ್ನೂ ಕೂರಿಸಿಕೊಂಡು ಮಂಗಳೂರಿಗೆ ಹೋದರು. ಡಾಕ್ಟರು ನೋಡಿ, ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಬರುವಾಗ ತಡವಾಗಿದೆ ಎಂದರು. ತಡವಾದದ್ದು ಎಲ್ಲಿ ಎಂದು ನಾನು ಅವರಿಗೆ ಹೇಗೆ ವಿವರಿಸಲಿ?

ಮೂರು ವಾರ ಬಿಟ್ಟು ಅಪ್ಪ ಮನೆಗೆ ಬಂದರು. ಬಲಗೈಗೆ ಸ್ವಾಧೀನವಿಲ್ಲ, ಮಾತಿಲ್ಲ. ಕೊಯ್ಯುವವರಿಲ್ಲದೆ ಹೂಗೊನೆಯ ತುದಿ ಒಣಗಿತ್ತು. ಕೊಟ್ಟಿಗೆಯಲ್ಲಿ ಅಪ್ಪ ಕೂಡಿಟ್ಟಿದ್ದ ಕಳ್ಳು ಹುಳಿಯಾಗಿ ಕಣ್ಣು ಉರಿಯುವಂಥ ವಾಸನೆ ಬರುತ್ತಿತ್ತು. ಚೆಲ್ಲಿದೆ. ಅಪ್ಪ ಮಂಚದಿಂದ ನೋಡುತ್ತಿದ್ದವರು ಎಡಗೈಯಿಂದ ಮಂಚದ ಕಾಲಿಗೆ ಬಡಿಯತೊಡಗಿದರು, ನಿಲ್ಲಿಸಲೇ ಇಲ್ಲ. ಅವರಿಗೆ ಬೇಕಾದದ್ದು ಏನೆಂದು ತಿಳಿಯಲು ಎರಡು ದಿನ ಬೇಕಾಯಿತು. ಆಟಿ ಹತ್ತಿರ ಬರುತ್ತಿತ್ತು, ಹಿರಿಯರ ಎಲೆಗೆ ಸಾರಾಯಿ ಇನ್ನೂ ಇಳಿಸಿರಲಿಲ್ಲ.

ಶೇಂದಿ ಅಂಗಡಿಯಿಂದ ಒಂದು ಕ್ಯಾನ್ ತೆಂಗಿನ ಕಳ್ಳು ತಂದೆ. ಅಪ್ಪ ಮೂಸಿ ಮುಖ ಸಿಂಡರಿಸಿದರು. "ಬೈನೆಯದ್ದು ಎಲ್ಲಿಂದ ತರಲಿ ಅಪ್ಪಾ?" ಎಂದೆ. ಅವರು ಮತ್ತೆ ಮಂಚ ಬಡಿಯಲಿಲ್ಲ.

ಮಡಕೆಯಲ್ಲಿ ಕಳ್ಳು ಹೊಯ್ದು, ಒಳಗೆ ಬಟ್ಟಲು ತೂಗುಹಾಕಿ, ಬಾಯಿಗೆ ತಣ್ಣೀರಿನ ಪಾತ್ರೆ ಕೂರಿಸಿ, ಸಂದಿಗೆ ಹಿಟ್ಟು ಮೆತ್ತಿದೆ. ಇಷ್ಟು ನೋಡಿ ಗೊತ್ತಿತ್ತು. ಆವಿ ಮೇಲಿನ ತಂಪಿಗೆ ತಾಗಿ ಬಟ್ಟಲಿಗೆ ಹನಿಯುತ್ತದೆ. ಮೇಲಿನ ನೀರು ಬಿಸಿಯಾದಾಗ ಬದಲಿಸಬೇಕು. ಎಷ್ಟು ಸಲ ಬದಲಿಸಿದ ಮೇಲೆ ಒಲೆ ಆರಿಸಬೇಕು ಎಂಬುದು ಗೊತ್ತಿರಲಿಲ್ಲ. ಆ ಲೆಕ್ಕ ಅಪ್ಪನ ತಲೆಯಲ್ಲಿತ್ತು.

ಅಪ್ಪನನ್ನು ಕುರ್ಚಿಯಲ್ಲಿ ಒಲೆಯ ಹತ್ತಿರ ಕೂರಿಸಿದೆ. ಅವರು ಮೂರು ಬೆರಳು ತೋರಿಸಿದರು.

"ಮೂರು ಸಲವಾ?"

ತಲೆ ಅಲ್ಲಾಡಿಸಿದರು. ಅಲ್ಲ ಎಂಬಂತೆ ಮತ್ತೆ ಮೂರು ತೋರಿಸಿ ಕೈಯನ್ನು ಕೆಳಗೆ ಮಾಡಿದರು.

"ಮೂರು ಆದ ಮೇಲೆ ಇನ್ನೂ ಉಂಟಾ? ಬೆಂಕಿ ತಗ್ಗಿಸಬೇಕಾ?"

ಬಾಯಿ ತೆರೆದರು. ಬಂದ ಸ್ವರ ಅವರಿಗೇ ಅಸಹ್ಯವಾಗಿರಬೇಕು, ಮುಚ್ಚಿಕೊಂಡರು. ಕಣ್ಣಲ್ಲಿ ನೀರು. ನಾನು ಸುಮ್ಮನೆ ಒಂದು ಕೊಳ್ಳಿ ಹೊರಗೆಳೆದೆ. ಅವರು ಅದಕ್ಕೂ ತಲೆ ಅಲ್ಲಾಡಿಸಿದರು. ತಿರುಗಿ ಒಳಗೆ ದೂಡಿದೆ. ನಾಲ್ಕನೇ ಸಲ ನೀರು ಬದಲಿಸಿ ಒಲೆಗೆ ನೀರು ಎರಚಿದೆ. ಸರಿಯೋ ತಪ್ಪೋ, ಇನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಬಟ್ಟಲಿನಲ್ಲಿ ಬಂದದ್ದು ಮುಕ್ಕಾಲು ಬಾಟಲಿ. ನನ್ನ ತೋರುಬೆರಳನ್ನು ಅದರಲ್ಲಿ ಅದ್ದಿ ಅವರ ತುಟಿಗೆ ಹಿಡಿದೆ. ಹೊತ್ತು ತೆಗೆದುಕೊಂಡು ಚಪ್ಪರಿಸಿದರು. ಆಮೇಲೆ ಒಂದು ಶಬ್ದ ಹೇಳಿದರು, ಚಿಕ್ಕದು.

"ಒಳ್ಳೆಯದಾಗಿದೆಯಾ ಅಪ್ಪಾ? ನೀರಾಗಿದೆಯಾ?"

ಅದೇ ಶಬ್ದವನ್ನು ಇನ್ನೊಮ್ಮೆ ಹೇಳಿದರು. ನಾನು ಕಿವಿಯನ್ನು ಅವರ ಬಾಯಿಗೆ ತಾಗಿಸಿದೆ. ಮೂರನೇ ಸಲ ಹೇಳಿ, ನನ್ನ ಮುಖ ನೋಡಿ, ಬಿಟ್ಟುಬಿಟ್ಟರು.

ಆಟಿಯಲ್ಲಿ ಆ ಸಾರಾಯಿಯನ್ನೇ ಬಡಿಸಿದೆವು. ಅದು ಹೇಗಿತ್ತೆಂದು ತಿಳಿದಿದ್ದವರು ಮನೆಯಲ್ಲಿ ಒಬ್ಬರೇ, ಅವರು ಎಲೆಯ ಎದುರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.