ಹುಳಕ್ಕೆ ಜ್ವರ, ಕಣ್ಣಿಗೆ ಲಂಘನ

ಕಣ್ಣಿಗೆ ಬಿಟ್ಟ ಔಷಧಿ ನಾಲಗೆಗೆ ಕಹಿಯಾಗುತ್ತದೆ. ಇದು ನನಗೆ ತಿಳಿದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಇಪ್ಪತ್ತು ವರ್ಷ ಮಕ್ಕಳಿಗೆ ಶರೀರದ ಪಾಠ ಹೇಳಿದ್ದೇನೆ. ಕಣ್ಣು, ಮೂಗು, ಗಂಟಲಿನ ಪಟವನ್ನು ಗೋಡೆಗೆ ತೂಗುಹಾಕಿ ಬೆತ್ತದ ತುದಿಯಿಂದ ಒಂದೊಂದನ್ನೇ ತೋರಿಸಿದ್ದೇನೆ. ಕಣ್ಣಿನಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಒಂದು ಕಳ್ಳದಾರಿ ಇರುವುದು ಆ ಪಟದಲ್ಲಿ ಕಂಡಿರಲಿಲ್ಲ. ದಾರಿ ಇದ್ದಿರಬಹುದು, ನನಗೆ ಕಂಡಿರಲಿಕ್ಕಿಲ್ಲ. ನನಗಿರುವುದು ಬಲಗಣ್ಣೊಂದೇ. ಅದಕ್ಕೂ ಆಗ ಪೊರೆ ಬಂದಿತ್ತು.

ಕಹಿಯ ವಿಷಯವನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ ಒಂದು ಮೂರ್ಖತನ ಬರುತ್ತದೆ. ಅದಕ್ಕೆ ನನ್ನ ಕಡೆಯಿಂದ ಇರುವ ಸಮಜಾಯಿಷಿ ಇಷ್ಟೇ.

ಐದಾರು ವರ್ಷದ ಹಿಂದಿನ ಮಾತು. ನಾನಾಗ ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಲ್ಲಿ ಮಿಡ್ಲ್ ಸ್ಕೂಲ್ ಹೆಡ್‌ಮಾಸ್ಟರ್. ಪೊರೆ ಬರುತ್ತಿರುವುದು ತಿಳಿದಿದ್ದರೂ ತೋರಿಸಿಕೊಳ್ಳಲು ಹೆದರಿ ವರ್ಷ ತಳ್ಳಿದೆ. ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ವರಾಂಡದ ಕಂಬಕ್ಕೆ, "ಯಾಕೋ ಅಲ್ಲೇ ನಿಂತಿದ್ದೀಯ, ಸಾಲಿಗೆ ಬಾ" ಎಂದು ಗದರಿಸಿದೆ. ಕಂಬ ಬರಲಿಲ್ಲ. ಮಕ್ಕಳು ನಗಲೂ ಇಲ್ಲ. ಮಕ್ಕಳು ನಗದಿದ್ದುದನ್ನು ಕಂಡು ನನಗೆ ಗಾಬರಿಯಾಯಿತು, ಅಂದೇ ರಜೆ ಬರೆದುಕೊಟ್ಟೆ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ತಲೆಯ ಎರಡೂ ಪಕ್ಕಕ್ಕೆ ಮರಳಿನ ಚೀಲ ಇಟ್ಟು, ಅಲ್ಲಾಡಬೇಡಿ ಎಂದು ಮಲಗಿಸಿದರು. ಪಟ್ಟಿ ಬಿಚ್ಚಿದಾಗ ಕಣ್ಣಿನಲ್ಲಿ ಮೆಣಸಿನಪುಡಿ ತುಂಬಿದ ಹಾಗಿತ್ತು. ಡಾಕ್ಟರು ಹಾಲಿನಂತೆ ಬೆಳ್ಳಗಿದ್ದ ಒಂದು ಹನಿ ಔಷಧಿ ಕೊಟ್ಟರು. ಕಾರ್ಟಿಸೋನ್ ಅಂತೆ, ಹೊಸದಾಗಿ ಬಂದದ್ದಂತೆ. ಎರಡೇ ದಿನಕ್ಕೆ ನೋವು ಹೋಯಿತು, ಕೆಂಪು ಇಳಿಯಿತು. ಆದರೆ ಪ್ರತಿ ಹನಿಗೂ ಬೇವಿನ ಕಷಾಯದ ಒಂದು ಗುಟುಕು ಗಂಟಲಿಗೆ ಇಳಿಯುತ್ತಿತ್ತು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: "ದಿನಕ್ಕೆ ನಾಲ್ಕು ಸಲ. ನೋವಿಲ್ಲ ಅಂತ ನೀವಾಗಿ ನಿಲ್ಲಿಸಬೇಡಿ. ಕಡಿಮೆ ಮಾಡೋದು ಯಾವಾಗ, ಎಷ್ಟು ಅಂತ ನಾನು ಹೇಳ್ತೀನಿ." ಇದನ್ನು ಇಂಗ್ಲಿಷಿನಲ್ಲಿ ಹೇಳಿದರು, ನಾನು ಮೇಷ್ಟರೆಂದು ಗೌರವ ಕೊಟ್ಟು. ಪಕ್ಕದಲ್ಲಿ ನನ್ನ ಅಕ್ಕ ನಂಜಮ್ಮ ನಿಂತಿದ್ದಳು. "ಏನಂದ್ರು?" ಎಂದಳು. "ದಿನಕ್ಕೆ ನಾಲ್ಕು ಸಲ" ಎಂದೆ. ಉಳಿದದ್ದನ್ನು ಅನುವಾದ ಮಾಡಲು ಆಲಸ್ಯವಾಯಿತು.

ಅಕ್ಕ ಬಲಪಕ್ಕದಲ್ಲಿ ನಿಂತಿದ್ದಳು. ಇದು ಹೇಳಬೇಕಾದ ಮಾತು. ನನಗೆ ಏಳು ವರ್ಷ, ಅವಳಿಗೆ ಹನ್ನೊಂದು ಇದ್ದಾಗ ಹೊಲದ ಬಯಲಿನಲ್ಲಿ ಚಿನ್ನಿದಾಂಡು ಆಡುತ್ತಿದ್ದೆವು. ಅವಳು ಹೊಡೆದ ಚಿನ್ನಿ ನನ್ನ ಎಡಗಣ್ಣಿಗೆ ಬಿತ್ತು. ಮನೆಯಲ್ಲಿ ಕಳ್ಳಿಬೇಲಿಯ ಮೇಲೆ ಬಿದ್ದೆನೆಂದು ನಾನೇ ಸುಳ್ಳು ಹೇಳಿದೆ, ಅಕ್ಕನಿಗೆ ಏಟು ಬೀಳದಿರಲಿ ಎಂದು. ಅಲ್ಲಿಂದ ನಲವತ್ತು ವರ್ಷ ಆ ವಿಷಯ ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ಅವಳು ಮಾತ್ರ ಎಂದೂ ನನ್ನ ಎಡಪಕ್ಕಕ್ಕೆ ಕೂರುತ್ತಿರಲಿಲ್ಲ, ಆ ಕಡೆಯ ಮುಖ ನೋಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಎಲ್ಲರ ಅನ್ನಕ್ಕೂ ಒಂದೊಂದು ಮಿಳ್ಳೆ ತುಪ್ಪ ಹಾಕಿದರೆ, ನನಗೆ ನಾಲ್ಕು ಮಿಳ್ಳೆ ಬೀಳುತ್ತಿತ್ತು. ನಮ್ಮ ಭಾವ ಒಳ್ಳೆಯವರು, ಒಂದು ದಿನವೂ ಕೇಳಿದವರಲ್ಲ. ನಾನೂ ಬೇಡ ಎಂದವನಲ್ಲ.

ನನ್ನ ಹೆಂಡತಿ ಚಿಕ್ಕಬಳ್ಳಾಪುರದಲ್ಲಿ ಮಗಳ ಬಾಣಂತನದಲ್ಲಿದ್ದಳು. ಅಕ್ಕ, "ಇವನ ಕಣ್ಣು ನಾನೇ ನೋಡ್ಕೋತೀನಿ" ಎಂದು ಆಸ್ಪತ್ರೆಯಿಂದ ನೇರವಾಗಿ ಕೆಂಚಾರ್ಲಹಳ್ಳಿ ಪಕ್ಕದ ತನ್ನೂರಿಗೆ ಕರೆದುಕೊಂಡು ಹೋದಳು. ಅವಳ ಮನೆ ರೇಷ್ಮೆಹುಳದ ಮನೆ. ಅಂಥ ಮನೆಯಲ್ಲಿ ನೆಂಟರಾಗಿ ಇದ್ದವರಿಗೆ ಗೊತ್ತು, ಅಲ್ಲಿ ಯಜಮಾನರು ಹುಳುಗಳೇ. ನಡುಮನೆ ಅವಕ್ಕೆ, ಜಗಲಿ ನಮಗೆ. ಅವಕ್ಕೆ ಹೊಗೆ ಆಗದು, ಧೂಳು ಆಗದು, ಒಗ್ಗರಣೆಯ ಘಾಟು ಆಗದು. ಕೈ ತೊಳೆಯದೆ ಹುಳದ ತಟ್ಟೆ ಮುಟ್ಟುವಂತಿಲ್ಲ. ನನ್ನ ಕಣ್ಣಿಗೆ ಡಾಕ್ಟರು ಹೇಳಿದ ಪಥ್ಯವೂ ಅಕ್ಷರಶಃ ಇದೇ. ಅಕ್ಕನಿಗೆ ಹೊಸದಾಗಿ ಕಲಿಯಬೇಕಾದ್ದು ಏನೂ ಇರಲಿಲ್ಲ.

ಇನ್ನೊಂದು ಅನುಕೂಲವೂ ಕೂಡಿಬಂತು. ಹುಳಕ್ಕೆ ದಿನಕ್ಕೆ ನಾಲ್ಕು ಸಲ ಸೊಪ್ಪು. ನನಗೂ ನಾಲ್ಕು ಸಲ ಹನಿ. ಮನೆಯಲ್ಲಿದ್ದ ಗಡಿಯಾರ ಭಾವನ ಮದುವೆಯಲ್ಲಿ ಬಂದದ್ದು, ಅದು ಯಾವಾಗಲೋ ಒಂಬತ್ತೂಕಾಲಕ್ಕೆ ನಿಂತಿತ್ತು. ಹಾಗಾಗಿ ಅಕ್ಕ ಎರಡೂ ಕೆಲಸ ಒಂದು ಮಾಡಿದಳು. ಕೈ ತೊಳೆದು ತಟ್ಟೆಗಳಿಗೆಲ್ಲ ಹೆಚ್ಚಿದ ಸೊಪ್ಪು ಉದುರಿಸುವಳು, ಮತ್ತೆ ಕೈ ತೊಳೆದು ಸೀಸೆ ಕುಲುಕಿಕೊಂಡು ಜಗಲಿಗೆ ಬರುವಳು. "ತಲೆ ಎತ್ತೋ." ನಾನು ಎತ್ತುವೆ. ಎರಡು ಹನಿ ಕೆನ್ನೆಗೆ ಬಿದ್ದ ಮೇಲೆ ಮೂರನೆಯದು ಕಣ್ಣಿಗೆ ಬೀಳುತ್ತಿತ್ತು. ಆಗ "ಒಕಟಿ" ಎನ್ನುವಳು. ಒಂದು ಎಂದರ್ಥ. ಆ ಊರುಗಳಲ್ಲಿ ಮಾತು ಕನ್ನಡ, ಎಣಿಕೆ ತೆಲುಗು.

ಕಪ್ಪು ಕನ್ನಡಕ ಹಾಕಿ ಕಣ್ಣು ಮುಚ್ಚಿ ಕೂತವನಿಗೆ ಕಿವಿಯೇ ಗಡಿಯಾರ. ಒಳಗೆ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಶುರುವಾದರೆ ನನ್ನ ಹನಿ ಹೊರಟಿತೆಂದು ಲೆಕ್ಕ. ಸದ್ದು ಕೇಳುತ್ತಲೇ ನನ್ನ ನಾಲಗೆ ಕಹಿಯಾಗುತ್ತಿತ್ತು. ಸ್ಕೂಲ್ ಬೆಲ್ ಕೇಳಿದರೆ ಮಕ್ಕಳ ಮುಖ ಯಾಕೆ ಹಾಗಾಗುತ್ತದೆ ಎಂದು ಇಷ್ಟು ವರ್ಷದ ಮೇಲೆ ತಿಳಿಯಿತು.

ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ಬೆಳಿಗ್ಗೆ ಸದ್ದಿಲ್ಲ. ಹನಿಯೂ ಇಲ್ಲ. ಬಿಸಿಲೇರಿದ ಮೇಲೂ ಇಲ್ಲ. ಅಕ್ಕ ಅಂಗಳದಲ್ಲಿ ನಿಧಾನವಾಗಿ ಅವರೆಕಾಯಿ ಬಿಡಿಸುತ್ತಿದ್ದಳು. "ಏನಕ್ಕಾ, ಇವತ್ತು ಬಿಡುವಾ?" ಎಂದೆ. "ಹುಳ ಮೂರನೇ ಜ್ವರಕ್ಕೆ ಕೂತವೆ ಕಣೋ" ಎಂದಳು.

ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ, ಒಂದೆಲೆ ತಿನ್ನುವುದಿಲ್ಲ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರದ ಹುಳಕ್ಕೆ ಸೊಪ್ಪು ಹಾಕಿದರೆ ಬೆಳೆ ಕೆಟ್ಟಿತು. ಲಂಘನಂ ಪರಮೌಷಧಂ ಎಂದು ಹಿರಿಯರು ಹೇಳಿದ್ದನ್ನು ಮನುಷ್ಯರು ಬಾಯಲ್ಲಿ ಹೇಳುತ್ತಾರೆ, ಹುಳ ಮಾಡಿ ತೋರಿಸುತ್ತದೆ. ಅಕ್ಕ ಮೂವತ್ತು ವರ್ಷ ಆ ಶಾಸ್ತ್ರದಲ್ಲಿ ಪಳಗಿದವಳು. ಪೊರೆ ಕಳಚಿಕೊಂಡವರಿಗೆ ಉಪವಾಸವೇ ಮದ್ದು ಎಂಬುದು ಅವಳಿಗೆ ಉಸಿರಾಡಿದಷ್ಟು ಸಹಜ. ನಾನೂ ಪೊರೆ ತೆಗೆಸಿಕೊಂಡವನೇ ಅಲ್ಲವೇ. ಹುಳದ ಸೊಪ್ಪು ನಿಂತಿತು, ಅದರ ಜೊತೆಗೆ ನನ್ನ ಹನಿಯೂ ನಿಂತಿತು. ಅವಳು ಯೋಚಿಸಿ ನಿಲ್ಲಿಸಿದ್ದಲ್ಲ, ಕೈ ತಾನಾಗಿ ನಿಂತಿತು.

ಯೋಚಿಸಬೇಕಾದವನು ನಾನು. ಡಾಕ್ಟರ ಮಾತು ನನಗೆ ಚೆನ್ನಾಗಿ ನೆನಪಿತ್ತು. ಆದರೆ ನೋವಿರಲಿಲ್ಲ, ಕಹಿಯೂ ಇರಲಿಲ್ಲ. ಬೆಳಗಿನ ಕಾಫಿಗೆ ಎಷ್ಟೋ ದಿನದ ಮೇಲೆ ಕಾಫಿಯ ರುಚಿ ಬಂದಿತ್ತು. ಅಕ್ಕನಿಗೆ ನೆನಪಾದಾಗ ಬಿಡಲಿ ಎಂದು ಸುಮ್ಮನಿದ್ದೆ. ಹೋಂವರ್ಕ್ ಕೇಳುವುದನ್ನು ಮೇಷ್ಟರು ಮರೆತಾಗ ಹಿಂದಿನ ಬೆಂಚಿನ ಹುಡುಗ ಹೇಗಿರುತ್ತಾನೋ ಹಾಗೆ.

ಚಳಿಗಾಲವಾದ್ದರಿಂದ ಜ್ವರ ಎರಡು ದಿನ ಎಳೆಯಿತು. ಎರಡನೆಯ ದಿನ ಮಧ್ಯಾಹ್ನ ಕಣ್ಣಿನಲ್ಲಿ ಸಣ್ಣಗೆ ಉರಿ ಶುರುವಾಯಿತು. ಗಾಳಿ ಇರಬೇಕು ಎಂದುಕೊಂಡೆ. ಮೂರನೆಯ ಬೆಳಿಗ್ಗೆ ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ಹುಬ್ಬಿನ ಒಳಗೆ ಯಾರೋ ಸೌಟಿನ ಹಿಡಿ ಇಟ್ಟು ಒತ್ತಿದ ಹಾಗೆ ನೋವು. ಆ ಹೊತ್ತಿಗೆ ಶಿಡ್ಲಘಟ್ಟದಿಂದ ಪ್ಯಾರೇಜಾನ್ ಸಾಬರು ಬಂದರು. ಗೂಡು ಕೊಂಡು ನೂಲು ತೆಗೆಸುವವರು, ಪ್ರತಿ ಬೆಳೆಗೂ ಒಮ್ಮೆ ಬಂದು ಹುಳದ ಯೋಗಕ್ಷೇಮ ಕೇಳಿಕೊಂಡು ಹೋಗುವುದು ವಾಡಿಕೆ. ಎಳೆಯ ಬಣ್ಣದಲ್ಲಿ ಕೂದಲಷ್ಟು ಹೆಚ್ಚುಕಡಿಮೆ ಇದ್ದರೂ ಕಂಡುಹಿಡಿಯುವ ಮನುಷ್ಯ. ನಾನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಹತ್ತಿರ ಬಂದರು.

"ಮೇಷ್ಟ್ರೇ, ಇದು ಕಣ್ಣಾ, ದಾಳಿಂಬ್ರೆ ಕಾಳಾ? ನಂಜಮ್ಮಾ, ಬಾಮ್ಮಾ ಇಲ್ಲಿ."

ಅಕ್ಕ ಬಂದಳು. ನೋಡಿದಳು. ಒಳಗೆ ಹುಳುಗಳು ಜ್ವರ ಬಿಟ್ಟು ಎದ್ದು ಹಸಿದು ತಲೆ ಆಡಿಸುತ್ತಿದ್ದವು. ಆ ಹೊತ್ತಿನಲ್ಲಿ ಸೊಪ್ಪು ತಡವಾಗುವಂತಿಲ್ಲ. ಅಕ್ಕ ಮೊರವನ್ನು ಭಾವನ ಕೈಗೆ ಕೊಟ್ಟು, ಸೀರೆ ಕೂಡ ಬದಲಾಯಿಸದೆ, ನನ್ನ ಬಲಗೈ ಹಿಡಿದು ಚಿಂತಾಮಣಿ ಬಸ್ಸಿಗೆ ನಡೆದಳು. ಅವಳು ಹಸಿದ ಹುಳ ಬಿಟ್ಟು ಹೊರಟದ್ದನ್ನು ಆ ಊರು ಅದೇ ಮೊದಲು ಕಂಡದ್ದಂತೆ.

ಚಿಂತಾಮಣಿಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಹನಿ ಸರಿಯಾಗಿ ಬಿಡ್ತಿದ್ದೀರಾ?" ಎಂದರು.

"ಎರಡು ದಿನ ಬಿಡ್ಲಿಲ್ಲ ಸ್ವಾಮಿ" ಎಂದಳು ಅಕ್ಕ. "ಹುಳ ಜ್ವರಕ್ಕೆ ಕೂತಿದ್ವು."

ಡಾಕ್ಟರು ಸಮುದ್ರದ ಕಡೆಯವರು, ಹೊಸದಾಗಿ ವರ್ಗವಾಗಿ ಬಂದಿದ್ದರು. ಟಾರ್ಚನ್ನು ಆರಿಸಿ ನನ್ನನ್ನು ನೋಡಿದರು. "ಯಾವ ಹುಳ? ಕಣ್ಣೊಳಗಾ?" ಎಂದರು. ಅಕ್ಕ ಮೊಟ್ಟೆಯಿಂದ ಹಿಡಿದು ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟುವವರೆಗೆ ವಿವರಿಸಿದಳು. ಅವರು ಪೂರ್ತಿ ಕೇಳಿದರು, ಅದು ಅವರ ದೊಡ್ಡತನ. ಆಮೇಲೆ ಹೇಳಿದರು: "ನೋಡಮ್ಮ, ಈ ಮದ್ದು ಊತಾನ ಅದುಮಿ ಹಿಡಿದಿರುತ್ತೆ. ಒಂದೇ ಸಲ ಕೈ ಬಿಟ್ಟರೆ ಎರಡರಷ್ಟಾಗಿ ಎದ್ದುಕೊಳ್ಳುತ್ತೆ. ಇನ್ನೆರಡು ದಿನ ಹೀಗೇ ಬಿಟ್ಟಿದ್ದರೆ ಈ ಕಣ್ಣೂ ಹೋಗ್ತಿತ್ತು. ಈಗ ಗಂಟೆಗೊಂದು ಹನಿ. ಇಳಿದ ಮೇಲೆ ನಾಲ್ಕು, ವಾರ ಬಿಟ್ಟು ಮೂರು, ಆಮೇಲೆ ಎರಡು, ಒಂದು. ಹಾಗೆ ಬಿಡಿಸಬೇಕು."

"ಕರುಗೆ ಹಾಲು ಬಿಡಿಸ್ದಂಗೆ" ಎಂದಳು ಅಕ್ಕ.

"ಹಾಗೇ" ಎಂದರು ಡಾಕ್ಟರು. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಕೇಳಿಸಿಕೊಂಡ ನನಗಿಂತ ಅವಳಿಗೆ ಚೆನ್ನಾಗಿ ಅರ್ಥವಾಯಿತು.

"ಈ ಕಣ್ಣೂ" ಎಂಬ ಮಾತಿನಲ್ಲಿದ್ದ ಆ 'ಊ' ಮಾತ್ರ ಅವಳನ್ನು ತಿಂದುಹಾಕಿತು. ಗಂಟೆಗೊಂದು ಹನಿ ಬಿಟ್ಟಳು, ಅರ್ಧ ಸೀಸೆ ನನ್ನ ಕೆನ್ನೆಗೇ ಹೋಯಿತು. ಮೂರನೆಯ ದಿನ ನೋವು ಇಳಿದಿತ್ತು. ಜಗಲಿಯಲ್ಲಿ ನನ್ನ ಬಲಕ್ಕೆ ಕೂತು ಸೊಪ್ಪು ಹೆಚ್ಚುತ್ತಿದ್ದವಳು ಇದ್ದಕ್ಕಿದ್ದಂತೆ ಕತ್ತಿ ಕೆಳಗಿಟ್ಟಳು.

"ಒಂದನ್ನ ಅವತ್ತೇ ತೆಗೆದೆ. ಇದನ್ನಾದ್ರೂ ಉಳಿಸ್ಕೊಡಣ ಅಂತ ನಾನೇ ಕರ್ಕೊಂಡು ಬಂದೆ. ನನ್ನ ಕೈಯಾಗೇ ಏನೋ ಐತೆ ಕಣೋ." ಅಳುತ್ತಿದ್ದಳು. ನನ್ನ ಅಕ್ಕ ಅತ್ತದ್ದನ್ನು ನಾನು ನಮ್ಮಪ್ಪ ಹೋದಾಗ ಬಿಟ್ಟರೆ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಇಷ್ಟು ದೊಡ್ಡ ನಾಚಿಕೆಯನ್ನು ನಲವತ್ತು ವರ್ಷ ಹೇಗೆ ಮುಂದೂಡಿದ್ದೆನೋ ಕಾಣೆ.

"ಅಕ್ಕಾ, ನೀನು ಅವತ್ತು ಆ ಕಡೆ ಸರ್ಕೊಳ್ಳೋ ಅಂದಿದ್ದೆ" ಎಂದೆ.

ಅವಳು ನನ್ನ ಕಡೆ ತಿರುಗಿದಳು.

"ಎರಡು ಸಲ ಅಂದಿದ್ದೆ. ಚಿನ್ನಿ ಹಿಡಿದು ನಿನ್ನನ್ನ ಔಟ್ ಮಾಡಣ ಅಂತ ನಾನೇ ಕದ್ದು ಮುಂದಕ್ಕೆ ಬಂದೆ. ನೀನು ಬಗ್ಗಿದ್ದೆ, ನಿಂಗೆ ಕಾಣಿಸ್ಲಿಲ್ಲ. ಮೊನ್ನೆ ಹನಿ ನಿಂತಾಗ್ಲೂ ನಂಗೆ ಗೊತ್ತಿತ್ತು. ಕಹಿ ಅಂತ ಸುಮ್ನಿದ್ದೆ. ನಿನ್ನ ಕೈಯಾಗೆ ಏನೂ ಇಲ್ಲ."

ಅಕ್ಕ ಕೇಳಿದಳು: "ನಲವತ್ತು ವರ್ಷ ಯಾಕೋ ಹೇಳ್ಲಿಲ್ಲ?"

"ತುಪ್ಪ" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕತ್ತಿ ತೆಗೆದುಕೊಂಡು ಉಳಿದ ಸೊಪ್ಪನ್ನು ಹೆಚ್ಚಿ ಮುಗಿಸಿದಳು, ಸ್ವಲ್ಪ ಜೋರಾಗಿಯೇ. ಎದ್ದು ಕೈ ತೊಳೆದು ಸೀಸೆ ತಂದಳು. "ತಲೆ ಎತ್ತು" ಎಂದಳು. ಒಂದೇ ಹನಿ, ನೇರ ಕಣ್ಣಿಗೆ ಬಿತ್ತು. "ಒಕಟಿ" ಎಂದಳು.

ಆ ದಿನ ಊಟಕ್ಕೆ ನನ್ನ ಅನ್ನಕ್ಕೆ ಬಿದ್ದದ್ದು ಮೂರು ಮಿಳ್ಳೆ. ಅಷ್ಟು ವರ್ಷ ಸುಮ್ಮನಿದ್ದ ಭಾವ ಆಗ ತಲೆ ಎತ್ತಿ, "ಯಾಕೆ, ತುಪ್ಪ ಮುಗೀತಾ?" ಎಂದರು.

"ಇವನಿಗೆ ಬಿಡಿಸ್ಬೇಕು" ಎಂದಳು ಅಕ್ಕ. "ಒಂದೇ ಸಲ ನಿಲ್ಲಿಸ್ಬಾರ್ದು ಅಂತ ಡಾಕ್ಟ್ರು ಹೇಳವ್ರೆ."

ಅಲ್ಲಿಂದ ಹನಿಯೂ ತುಪ್ಪವೂ ಜೊತೆಜೊತೆಗೇ ಇಳಿದವು. ಹುಳ ನಾಲ್ಕನೆಯ ಜ್ವರಕ್ಕೆ ಕೂತು ಮನೆ ಮತ್ತೆ ನಿಶ್ಶಬ್ದವಾದಾಗ ಅಕ್ಕ ಹೊತ್ತಿಗೆ ಮೊದಲೇ ಸೀಸೆ ಹಿಡಿದು ಬಂದು ನಿಂತಳು. ಹುಳ ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟಿದವು, ಗೂಡು ಪ್ಯಾರೇಜಾನ್ ಸಾಬರ ಕಡೆ ಹೋದವು. ನಾನು ದಪ್ಪ ಕನ್ನಡಕ ಹಾಕಿಕೊಂಡು ನಗರಗೆರೆಗೆ ಮರಳಿ, ಮೊದಲ ದಿನವೇ ವರಾಂಡದ ಕಂಬವನ್ನು ಕಂಬವೆಂದು ಗುರುತಿಸಿದೆ.

ಈಗಲೂ ಅಕ್ಕನ ಮನೆಗೆ ಹೋದರೆ ಎಲ್ಲರಂತೆ ನನಗೂ ಒಂದೇ ಮಿಳ್ಳೆ. ನ್ಯಾಯವಾದದ್ದೇ, ತಕರಾರಿಲ್ಲ. ಆದರೆ ಬಡಿಸುವಾಗ ಅವಳೀಗ ನನ್ನ ಎಡಕ್ಕೆ ಕೂರುತ್ತಾಳೆ. ಆ ಕಡೆಯ ಮುಖವನ್ನು ನೇರವಾಗಿ ನೋಡಿ ಮಾತಾಡುತ್ತಾಳೆ, ಗಡ್ಡ ಸರಿಯಾಗಿ ಹೆರೆದಿಲ್ಲ ಎಂದು ಬೈಯುತ್ತಾಳೆ. ಅವಳು ಅಲ್ಲಿ ಕೂತರೆ ನನಗೆ ಅವಳೂ ಕಾಣುವುದಿಲ್ಲ, ಮಿಳ್ಳೆಯೂ ಕಾಣುವುದಿಲ್ಲ. "ಒಕಟಿ" ಎನ್ನುವುದು ಮಾತ್ರ ಕೇಳುತ್ತದೆ. ಅನ್ನ ಬಾಯಿಗಿಟ್ಟರೆ ನನಗೇಕೋ ಎರಡು ಮಿಳ್ಳೆ ಬಿದ್ದ ಹಾಗೆ ಅನ್ನಿಸುತ್ತದೆ.