ನಡುವಿನ ಚುಕ್ಕೆ

ಗೆದ್ದ ಕಪ್ಪನ್ನು ನೋಡಿದರೆ ಎದ್ದು ಹೊರಗೆ ಹೋಗಬೇಕೆನ್ನಿಸುವುದು ಯಾರಿಗಾದರೂ ಉಂಟೇ? ಮುನಿಯಪ್ಪನಿಗೆ ಉಂಟು. ದೋಹಾದ ಅಲ್ ಸದ್ದ್ ಬಡಾವಣೆಯ ಆ ಎರಡು ಕೋಣೆಯ ಮನೆಯಲ್ಲಿ, ಷೋಕೇಸಿನ ನಡುವೆ, ಗೌರಿ ಗಣೇಶನ ಬೆಳ್ಳಿ ವಿಗ್ರಹಗಳ ಪಕ್ಕದಲ್ಲೇ ಅದು ಕೂತಿತ್ತು. ಕಪ್ ಅಂದರೆ ಕಪ್ಪಲ್ಲ. ಆಟದ ಬಹುಮಾನಕ್ಕೆಂದು ಸೂಕ್ ವಾಖಿಫ್ ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಹಿತ್ತಾಳೆಯ ದಲ್ಲಾ, ಅರಬರು ಕಾಫಿ ಬಗ್ಗಿಸುವ ಉದ್ದ ಕೊಕ್ಕಿನ ಹೂಜಿ. ಹೆಂಡತಿ ಚೂಡಾಮಣಿ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿಟ್ಟಿದ್ದಳು. ಮನೆಗೆ ಬಂದವರಿಗೆಲ್ಲ "ನಮ್ಮನೆಯವರು ಗೆದ್ದಿದ್ದು" ಎಂದು ತೋರಿಸುವಳು. ಆಗೆಲ್ಲ ಮುನಿಯಪ್ಪ ಬಾಲ್ಕನಿಗೆ ಹೋಗಿ ಒಣಗದ ಬಟ್ಟೆಗಳನ್ನು ಮುಟ್ಟಿ ನೋಡುತ್ತ ನಿಲ್ಲುತ್ತಿದ್ದ.

ಮುಳಬಾಗಿಲ ಕಡೆಯ ಮನುಷ್ಯ. ಹಮದ್ ಬಂದರಿನ ಸರಕು ಸಾಗಣೆ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಯಾರಿಗೂ ಕೆಟ್ಟದ್ದು ಬಯಸಿದವನಲ್ಲ, ಯಾವುದರಲ್ಲೂ ಗೆದ್ದವನೂ ಅಲ್ಲ. ಸ್ಕೂಲಿನ ಓಟದಲ್ಲಿ ಎರಡನೆಯವನು, ಆಫೀಸಿನ ಪ್ರಮೋಷನ್ನಿನಲ್ಲೂ ಎರಡನೆಯವನು. ಇಂಥವನಿಗೆ ಒಂದು ಹಿತ್ತಾಳೆ ಹೂಜಿಯ ಆಸೆ ಹುಟ್ಟಿದ್ದರೆ ಏನು ಮಹಾ ತಪ್ಪು ಹೇಳಿ? ತಪ್ಪು ಆಸೆಯಲ್ಲಿರಲಿಲ್ಲ.

ಆಟ ಬೇಸ್‌ಬಾಲ್. ದೋಹಾದ ಬಿಸಿಲಲ್ಲಿ ದಾಂಡು ಹಿಡಿದು ಓಡಲು ಮುನಿಯಪ್ಪನಿಗೂ ಅವನ ಗೆಳೆಯರಿಗೂ ಏನು ಹುಚ್ಚೇ? ಮೇಜಿನ ಮೇಲೆ ಕಾರ್ಡು ಹರಡಿ, ದಾಳ ಎಸೆದು ಆಡುವ ಬೇಸ್‌ಬಾಲ್. ಬಂದರಿನಲ್ಲಿದ್ದ ಅಮೆರಿಕದ ಇಂಜಿನಿಯರೊಬ್ಬ ಊರಿಗೆ ಹೊರಡುವಾಗ ಆ ಪೆಟ್ಟಿಗೆಯನ್ನು ಮುನಿಯಪ್ಪನ ಮೇಜಿನ ಮೇಲಿಟ್ಟು ಹೋಗಿದ್ದ. ಒಂದೊಂದು ಕಾರ್ಡೂ ಒಬ್ಬೊಬ್ಬ ಆಟಗಾರ. ಕೆಂಪು ದಾಳ ಮೊದಲ ಅಂಕಿ, ಬಿಳಿ ದಾಳ ಎರಡನೆಯದು. ಎರಡನ್ನೂ ಅಕ್ಕಪಕ್ಕ ಓದಿ ಕಾರ್ಡಿನಲ್ಲಿ ಆ ಸಂಖ್ಯೆ ಹುಡುಕಿದರೆ ಅವನು ಚೆಂಡು ಹೊಡೆದನೋ, ಔಟಾದನೋ, ಹೋಮ್ ರನ್ ಬಾರಿಸಿದನೋ ಗೊತ್ತಾಗುತ್ತದೆ. ಹೋಮ್ ರನ್ ಎಂದರೆ ನಮ್ಮ ಸಿಕ್ಸರ್‌ನ ದೊಡ್ಡಣ್ಣ ಎಂದಿಟ್ಟುಕೊಳ್ಳಿ.

ಕಾರ್ಡಿನ ಮೇಲಿದ್ದ ಅಮೆರಿಕದ ಹೆಸರುಗಳಿಗೆ ಇವರ ನಾಲಿಗೆ ಹೊರಳಲಿಲ್ಲ. ಚೀಟಿ ಅಂಟಿಸಿ ತಮ್ಮವೇ ಹೆಸರು ಬರೆದರು. ಮುನಿಯಪ್ಪ ತನ್ನ ತಂಡಕ್ಕೆಲ್ಲ ಮುಳಬಾಗಿಲ ಮೇಷ್ಟರುಗಳ ಹೆಸರಿಟ್ಟ. ಔಟಾದಾಗ ಬಾಯಿ ತುಂಬ ಬೈಯಬಹುದಲ್ಲ! ಹಸನಬ್ಬನ ತಂಡದ ಹುಲಿಯ ಹೆಸರು ಇದಿನಬ್ಬ. ಉಳ್ಳಾಲದಲ್ಲಿ ದೋಣಿ ನಡೆಸುತ್ತಿದ್ದ ಅವನ ಚಿಕ್ಕಪ್ಪನ ಹೆಸರದು. ಆ ಕಾರ್ಡು ಹಸನಬ್ಬನಿಗೆ ಬಾಯಿಪಾಠ. ನೋಡುವ ಗೋಜೇ ಇಲ್ಲ. ಐದು-ಐದು ಬಿದ್ದರೆ ಹೋಮ್ ರನ್, ನಾಲ್ಕು-ನಾಲ್ಕು ಬಿದ್ದರೆ ಔಟ್, ಹೀಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವನು.

ಹಸನಬ್ಬ ಯಾರೆಂದು ಹೇಳಿಬಿಡಬೇಕು. ಅಲ್ ಸದ್ದ್‌ನಲ್ಲಿ ದರ್ಜಿಗಳಿಗೆ ನೂಲು, ಗುಂಡಿ, ಲೈನಿಂಗ್ ಬಟ್ಟೆ ಮಾರುವ ಅಂಗಡಿಯವನು. ಅಲ್ಲೇ ತಲೆ ನರೆಸಿಕೊಂಡವನು. ಮುನಿಯಪ್ಪ ಹೊಸದಾಗಿ ಬಂದಿಳಿದಾಗ ಮನೆ ಹುಡುಕಿಕೊಟ್ಟವನು ಇವನೇ, ಚೂಡಾಮಣಿಗೆ ಜ್ವರ ಬಂದಾಗ ಗಂಜಿ ಕಳಿಸಿದವಳು ಇವನ ಹೆಂಡತಿ ಸುಬೈದಾ. ಶುಕ್ರವಾರ ಜುಮಾ ನಮಾಜು ಮುಗಿಸಿ ಹಸನಬ್ಬ ಮನೆಗೆ ಬಂದರೆ, ಸುಬೈದಾಳ ತುಪ್ಪದನ್ನ ನೈಚೋರು, ಕೋಳಿ ಸಾರು. ಅದಾದ ಮೇಲೆ ಆಟ. ಮಂಗಳೂರಿನ ಆಶ್ಲಿ, ಮೈಸೂರಿನ ಸಂತೋಷ್ ಸೇರಿ ಒಟ್ಟು ನಾಲ್ಕು ಜನ.

ಒಂದು ಸಲ ಆಶ್ಲಿಗೂ ಸಂತೋಷನಿಗೂ ದಾಳದ ವಿಷಯದಲ್ಲಿ ಜಗಳ ಹತ್ತಿ, ತಟ್ಟೆ ಲೋಟ ಹಾರುವುದೊಂದು ಬಾಕಿ ಉಳಿಯಿತು. ಹಿರಿಯನಾದ ಹಸನಬ್ಬ ಆಗ ಕಾನೂನು ಮಾಡಿದ.

"ಎಸೆದವನೇ ಓದುದು. ಎದುರಿನವ ಬಾಯಿ ಹಾಕ್ಲಿಕ್ಕಿಲ್ಲ. ಹಾಕಿದ್ರೆ ಆಟ ಖಲಾಸ್. ನಾವೇನು ಕಳ್ಳರಾ ಮಾರಾಯ? ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಬೇಡ್ವಾ?"

ಆ ಮಾತು ಎಲ್ಲರಿಗೂ ಹಿಡಿಸಿತು. ಅಂದಿನಿಂದ ಎಸೆದವನು ಕೂಗಿದ್ದೇ ವೇದವಾಕ್ಯ.

ಮುನಿಯಪ್ಪ ಮೊದಲು ಗಮನಿಸಿದ್ದು ಚಳಿಗಾಲದ ಶುರುವಿನಲ್ಲಿ. ಬಿಳಿ ದಾಳದ ಮೇಲೆ ಐದು ಚುಕ್ಕೆ ಇತ್ತು. ಹಸನಬ್ಬ "ನಾಲ್ಕು" ಎಂದ. ಅವಸರದಲ್ಲಿ ತಪ್ಪಿರಬೇಕು ಎಂದುಕೊಂಡ ಮುನಿಯಪ್ಪ. ಮುಂದಿನ ವಾರ ಮೂರಕ್ಕೆ "ಎರಡು" ಎಂದ. ಮತ್ತೆ ಐದಕ್ಕೆ "ನಾಲ್ಕು". ಯಾವಾಗಲೂ ನಡುವಿನ ಚುಕ್ಕೆಯೇ ತಪ್ಪುತ್ತಿತ್ತು. ಸುತ್ತಲಿನವು ಕಾಣುತ್ತಿದ್ದವು, ನಟ್ಟನಡುವಿನದು ಕಾಣುತ್ತಿರಲಿಲ್ಲ. ಅಂಗಡಿಯಲ್ಲಿ ಕಡುನೀಲಿ ಕೇಳಿದವರಿಗೆ ಕರಿನೂಲು ಕೊಟ್ಟು, "ಈ ಟ್ಯೂಬ್‌ಲೈಟು ಸರಿ ಇಲ್ಲ" ಎಂದು ಗೊಣಗಿದ್ದನ್ನೂ ಮುನಿಯಪ್ಪ ಕಣ್ಣಾರೆ ಕಂಡ. ಸಕ್ಕರೆ ಕಾಯಿಲೆ ಬೇರೆ ಇದ್ದ ಮನುಷ್ಯ. ಇಷ್ಟು ಸಾಲದೇ ಗೊತ್ತಾಗಲು? ಗೊತ್ತಾಯಿತು. ಕಣ್ಣಿಗೇನೋ ಆಗಿದೆ ಎಂದು ಮುನಿಯಪ್ಪನಿಗೆ ಚೆನ್ನಾಗಿಯೇ ಗೊತ್ತಾಯಿತು.

ಆದರೆ ಆ ವರ್ಷ ಮುನಿಯಪ್ಪನ ಮೇಷ್ಟರುಗಳು ಎಂದೂ ಇಲ್ಲದ ಹಾಗೆ ಆಡುತ್ತಿದ್ದರು. ಫೈನಲ್ಲು ಕೈಗೆಟುಕುವಷ್ಟು ಹತ್ತಿರ. ಹಸನಬ್ಬನ ತಪ್ಪು ಓದಿನಿಂದ ನಷ್ಟ ಹಸನಬ್ಬನಿಗೇ. ಬಾಯಿ ಹಾಕಬಾರದೆಂದು ಕಾನೂನು ಮಾಡಿದವನೂ ಅವನೇ. ನಾನೇನು ಸುಳ್ಳು ಹೇಳಿದೆನೇ, ಸುಮ್ಮನಿದ್ದೆ ಅಷ್ಟೆ, ಎಂದು ಮುನಿಯಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ಫೈನಲ್ ಮುಗಿಯಲಿ, ಆಮೇಲೆ "ಅಣ್ಣ, ಒಂದ್ಸಲ ಕಣ್ಣು ತೋರಿಸಿ" ಅಂದರಾಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಇವನು ಕಣ್ಣು ಬಿಟ್ಟುಕೊಂಡೇ ಕುಡಿದ.

ಫೈನಲ್ ದಿನ ಸುಬೈದಾ ಬಿರಿಯಾನಿ ಮಾಡಿದ್ದಳು. ತಿಂದ ಭಾರಕ್ಕೆ ಆಶ್ಲಿ ಸೋಫಾ ಮೇಲೆ ಗೊರಕೆ ಹೊಡೆಯುತ್ತಿದ್ದ, ಸಂತೋಷ್ ಫೋನು ಹಿಡಿದು ಬಾಗಿಲಾಚೆ ಹೋಗಿದ್ದ. ಮುನಿಯಪ್ಪ ಒಂದು ರನ್ ಮುಂದೆ. ಹಸನಬ್ಬನ ಕೊನೆಯ ಆಟಗಾರ ಇದಿನಬ್ಬ. ಒಬ್ಬ ಆಗಲೇ ಬೇಸಿನಲ್ಲಿ ನಿಂತಿದ್ದ. ಹೋಮ್ ರನ್ ಬಿದ್ದರೆ ಅವನೂ ಇದಿನಬ್ಬನೂ ಸೇರಿ ಎರಡು ರನ್, ಆಟ ಹಸನಬ್ಬನದು. ಅವನು ಬಿಸ್ಮಿ ಹೇಳಿ ದಾಳ ಎಸೆದ.

ಐದು-ಐದು.

ಹಸನಬ್ಬ ಬಗ್ಗಿದ, ತಲೆಯನ್ನು ಒಂದಿಷ್ಟು ಓರೆ ಮಾಡಿದ, ಮುಖ ಬಾಡಿತು. "ನಾಲ್ಕು-ನಾಲ್ಕು. ಔಟ್. ಛೇ! ಇದಿನಬ್ಬ ಕೈ ಕೊಟ್ಟ ಮಾರಾಯ."

ಮುನಿಯಪ್ಪ ತಟ್ಟನೆ ಎರಡೂ ದಾಳ ಎತ್ತಿ ಪೆಟ್ಟಿಗೆಗೆ ಹಾಕಿದ. ಯಾಕೆ ಅಷ್ಟು ಅವಸರ ಎಂದು ಯಾರೂ ಕೇಳಲಿಲ್ಲ. ಹಸನಬ್ಬನೇ ಎದ್ದು ಬಂದು ಅವನನ್ನು ತಬ್ಬಿಕೊಂಡು, "ಮಬ್ರೂಕ್! ಅಂತೂ ಗೆದ್ದೆಯಲ್ಲ" ಎಂದ. ಸುಬೈದಾ, "ಗೆದ್ದವರು ಇನ್ನೊಂದು ಚೂರು ತಿನ್ಬೇಕು" ಎಂದು ಒತ್ತಾಯ ಮಾಡಿ ಬಡಿಸಿದಳು. ಮುನಿಯಪ್ಪ ಬಡಿಸಿದ್ದನ್ನೆಲ್ಲ ತಿಂದ.

ಗೆದ್ದ ಮೇಲೆ ಹೇಳುವುದು ಸುಲಭವಾಗಬೇಕಿತ್ತು, ಕಷ್ಟವಾಯಿತು. ಈಗ ಕಣ್ಣಿನ ಮಾತೆತ್ತಿದರೆ "ನಿನಗೆ ಹೇಗೆ ಗೊತ್ತು? ಯಾವಾಗಿನಿಂದ ಗೊತ್ತು?" ಎನ್ನುವುದಿಲ್ಲವೇ? ಬಿಸಿತುಪ್ಪ ಬಾಯಿಗೆ ಬಿತ್ತು. ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ವಾರಗಳು ಉರುಳಿ ತಿಂಗಳಾಯಿತು, ಎರಡಾಯಿತು. ಕೊನೆಗೆ ಹಸನಬ್ಬ ಪಾರ್ಕಿಂಗಿನಲ್ಲಿ ಕಾರನ್ನು ಕಂಬಕ್ಕೆ ಗುದ್ದಿದ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅವನ ಮಗ ಶಾಫಿ ಸರಕು ತರಲು ದುಬೈಗೆ ಹೋಗಿದ್ದ. ಆಸ್ಪತ್ರೆಗೆ ಕರೆದೊಯ್ದವನು ಮುನಿಯಪ್ಪ.

ಡಾಕ್ಟರ್ ಮಲಯಾಳಿ ಹೆಂಗಸು, ಒಳ್ಳೆ ಮೆದು ಮಾತಿನವಳು. ಸಕ್ಕರೆಯಿಂದಾಗಿ ಎರಡೂ ಕಣ್ಣಿನ ಹಿಂಭಾಗದ ಪರದೆ ಬಾತಿದೆ ಎಂದಳು. ಬಲಗಣ್ಣನ್ನು ಇಂಜೆಕ್ಷನ್ ಕೊಟ್ಟು ಉಳಿಸಬಹುದು. ಎಡಗಣ್ಣಿನ ನಡುದೃಷ್ಟಿ ಮರಳಿ ಬರುವುದು ಕಷ್ಟ. ಆಮೇಲೆ ಹಿಂದಿಯಲ್ಲಿ ಕೇಳಿದಳು, "ಎರಡು ಮೂರು ತಿಂಗಳ ಮೊದಲೇ ಬಂದಿದ್ದರೆ ಎಡಗಣ್ಣೂ ಉಳಿಯುತ್ತಿತ್ತೇನೋ. ಜೊತೆಯಲ್ಲಿರುವವರು ಯಾರೂ ಗಮನಿಸಲಿಲ್ಲವೇ?"

ಹಸನಬ್ಬ ನಕ್ಕ. "ಯಾರು ಗಮನಿಸ್ತಾರೆ ಡಾಕ್ಟ್ರೆ? ನನಗೇ ಗೊತ್ತಾಗ್ಲಿಲ್ಲ. ಇವ ವಾರ ವಾರ ನನ್ನ ಎದುರಿಗೇ ಕೂರ್ತಾನೆ, ಇವನಿಗೂ ಗೊತ್ತಾಗ್ಲಿಲ್ಲ ಪಾಪ."

ಆ 'ಪಾಪ' ಎನ್ನುವ ಮಾತು ಮುನಿಯಪ್ಪನ ಎದೆಗೆ ನಾಟಿತು. ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿದರೂ ಅವನು ಡಾಕ್ಟರ ಚೀಟಿ ಹಿಡಿದು ಔಷಧಿ ತರಲು ಎದ್ದ.

ಮನೆಗೆ ಬಂದು ಚೂಡಾಮಣಿಯ ಮುಂದೆ ಎಲ್ಲ ಕಕ್ಕಿದ. ಅವಳು ಸೊಪ್ಪು ಬಿಡಿಸುತ್ತ ಕೂತಿದ್ದವಳು ಕೈ ನಿಲ್ಲಿಸಿದಳು.

"ಗೊತ್ತಿತ್ತಾ ನಿಮ್ಗೆ?"

"ಎದುರಿನವ್ನು ಬಾಯಿ ಹಾಕ್ಬಾರ್ದು ಅಂತ ರೂಲ್ಸ್ ಇತ್ತು ಕಣೇ..."

"ನಿಮ್ ರೂಲ್ಸಿಗಿಷ್ಟು ಬೆಂಕಿ ಹಾಕ! ಕಣ್ಣು ತೋರಿಸ್ಕೊಳ್ಳಿ ಅನ್ನಕ್ಕೆ ನಿಮ್ ಗಂಟೇನ್ರೀ ಹೋಗ್ತಿತ್ತು? ನಾನು ಜ್ವರ ಬಂದು ಮಲಗಿದ್ದಾಗ ಆ ಯಮ್ಮ ಗಂಜಿ ಕಳ್ಸಿದ್ದು ಯಾವ ರೂಲ್ಸ್ ನೋಡ್ಕೊಂಡು?" ಎದ್ದು ಹೋಗಿ ಷೋಕೇಸಿನಿಂದ ದಲ್ಲಾ ತೆಗೆದು ತಂದು ಅವನ ಮಡಿಲಿಗೆ ಕುಕ್ಕಿದಳು. "ಇದು ಈ ಮನೇಲಿ ಇರಬಾರ್ದು. ಹೋಗಿ ಹೇಳಿ, ಕೊಟ್ಬನ್ನಿ."

ಮುಂದಿನ ಶುಕ್ರವಾರ ಮುನಿಯಪ್ಪ ಹೂಜಿಯನ್ನು ಚೀಲದಲ್ಲಿಟ್ಟುಕೊಂಡು ಉಳಿದಿಬ್ಬರಿಗಿಂತ ಮೊದಲೇ ಹೋದ. ಮೆಟ್ಟಿಲುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಬಾಗಿಲು ತೆರೆದ ಸುಬೈದಾ, "ಬನ್ನಿ ಮುನಿಯಪ್ಪಣ್ಣ. ಅವತ್ತು ನೀವಿಲ್ಲದಿದ್ರೆ ನಾನು ಏನು ಮಾಡ್ತಿದ್ದೆ" ಎಂದದ್ದೇ ತಡ, ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು.

ಹಸನಬ್ಬ ಕರಿಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಆಗಲೇ ಕೂತಿದ್ದ. "ಯಲ್ಲಾ, ಬಾ ಕೂರು. ಅವರು ಬರುವವರೆಗೆ ಒಂದು ಕೈ ಆಡುವ. ನಾನು ಎಸಿತೇನೆ, ನೀನು ಓದು. ಇನ್ನು ನನ್ನ ಕಣ್ಣು ನೀನೇ ಮಾರಾಯ."

ಮುನಿಯಪ್ಪ ಕಾರ್ಡುಗಳನ್ನು ಹರಡಿದ. ದಲ್ಲಾ ಇದ್ದ ಚೀಲವನ್ನು ಕಾಲಿನಿಂದ ಕುರ್ಚಿಯಡಿ ತಳ್ಳಿದ. ಹಸನಬ್ಬ ಇದಿನಬ್ಬನನ್ನೇ ಮೊದಲು ಇಳಿಸಿ ದಾಳ ಎಸೆದ. ಎರಡೂ ದಾಳ ನಿಂತವು. ನಾಲ್ಕು-ನಾಲ್ಕು.

ಆ ಕ್ಷಣ ಮುನಿಯಪ್ಪನಿಗೆ ಏನನ್ನಿಸಿತೋ! ಕಿತ್ತುಕೊಂಡದ್ದನ್ನು ಹೀಗಾದರೂ ಹಿಂದಿರುಗಿಸೋಣ ಎಂದುಕೊಂಡಿರಬೇಕು ಬಡಪಾಯಿ. "ಐದು-ಐದು! ಹೋಮ್ ರನ್ ಅಣ್ಣ!" ಎಂದು ಕೂಗಿಬಿಟ್ಟ.

ಹಸನಬ್ಬನ ಮುಖ ಅರಳಿತು. ದಾಳವನ್ನು ಮುದ್ದಿಸುವವನ ಹಾಗೆ ಎರಡನ್ನೂ ಮೇಜಿನ ಮೇಲೆ ಅಲುಗಿಸದೆ ಹೆಬ್ಬೆರಳಿಂದ ಸವರಿದ. ಹಳೆಯ ಕಾಲದ ದಾಳಗಳವು. ಚುಕ್ಕೆಗಳನ್ನು ಬಣ್ಣದಲ್ಲಿ ಬರೆದಿರಲಿಲ್ಲ, ಗುಳಿ ತೋಡಿದ್ದರು. ಬೆರಳು ಒಂದು ಸಲ ಹೋಯಿತು, ಮತ್ತೊಂದು ಸಲ ಹೋಯಿತು, ನಡುವಿನಲ್ಲಿ ನಿಂತಿತು. ಅರಳಿದ ಮುಖ ಮೆಲ್ಲಗೆ ಇಳಿಯಿತು.

"ನಡುವಲ್ಲಿ ಗುಳಿ ಇಲ್ಲ. ಇದು ನಾಲ್ಕಲ್ವಾ?"

ಮುನಿಯಪ್ಪ ಕಾರ್ಡಿನ ಅಂಚು ಸರಿ ಮಾಡುತ್ತ ಕೂತ.

"ನನ್ನ ಮೇಲೆ ಕನಿಕರವಾ? ಬೇಡ ಮಾರಾಯ. ಕುರುಡನನ್ನು ಗೆಲ್ಲಿಸುವ ಆಟ ನನಗೆ ಬೇಡ." ಬೆರಳು ಇನ್ನೂ ದಾಳದ ಮೇಲೇ ಇತ್ತು. ಹಸನಬ್ಬ ಏನನ್ನೋ ಹಿಂದಕ್ಕೆ ಹೋಗಿ ನೋಡುತ್ತಿರುವವನಂತೆ ಗುಳಿಗಳನ್ನು ಮತ್ತೆ ಒಂದೊಂದಾಗಿ ಸವರಿದ. "ಫೈನಲ್ ದಿನವೂ ನಾನು ನಾಲ್ಕು-ನಾಲ್ಕು ಅಂದಿದ್ದೆ. ಅವತ್ತು ನೀನು ದಾಳ ಬೇಗ ಎತ್ತಿಟ್ಟೆ. ಅವತ್ತು ನಡುವಲ್ಲಿ ಚುಕ್ಕೆ ಇತ್ತಾ ಮುನಿಯಪ್ಪ?"

ಇನ್ನೆಲ್ಲಿ ಓಡುವುದು? "ಇತ್ತು ಅಣ್ಣ" ಎಂದ. ಎಂದವನೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಅದಕ್ಕೂ ಮುಂಚೆನೂ ಇತ್ತು. ಎಷ್ಟೋ ವಾರದಿಂದ ಗೊತ್ತಿತ್ತು. ಗೆಲ್ಬೇಕು ಅಂತ ಸುಮ್ನಿದ್ದೆ. ನಾನು ಪಾಪಿ ಅಣ್ಣ, ನನ್ ಮುಖಕ್ಕೆ ಉಗೀರಿ."

ಚೀಲದಿಂದ ದಲ್ಲಾ ತೆಗೆದು ಮೇಜಿನ ಮೇಲಿಟ್ಟ. ಹಸನಬ್ಬ ಅದನ್ನು ಮುಟ್ಟಲಿಲ್ಲ.

"ಹೋಮ್ ರನ್ ಹೋದರೆ ಹೋಗ್ಲಿ" ಎಂದ. "ಕಣ್ಣಿನ ವಿಷಯ ಒಂದು ಮಾತು ಹೇಳ್ಬಹುದಿತ್ತಲ್ವಾ. ಆಟದಲ್ಲಿ ಬಾಯಿ ಹಾಕ್ಬೇಡ ಅಂದದ್ದು ನಾನು. ಆಟ ಮುಗಿದ ಮೇಲೆ ಬೇಡ ಅಂದಿದ್ನಾ?" ದಾಳಗಳನ್ನು ಅಲುಗಿಸದೆ ಮುನಿಯಪ್ಪನ ಕಡೆ ಬೆರಳು ತೋರಿಸಿದ. "ಈಗ ಸರಿಯಾಗಿ ಓದು."

"ನಾಲ್ಕು-ನಾಲ್ಕು" ಎಂದ ಮುನಿಯಪ್ಪ ಅಳುತ್ತ. "ಔಟ್."

"ಹಾಂ. ಔಟ್." ಹಸನಬ್ಬ ತಾನೇ ತಡವಿ ಇದಿನಬ್ಬನ ಕಾರ್ಡನ್ನು ಮಗುಚಿಟ್ಟ.

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಸುಬೈದಾಳನ್ನು ಮುನಿಯಪ್ಪ ಆಗಷ್ಟೇ ಕಂಡ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಬಂದು ಗಂಡನ ಕೈಗೆ ಲೋಟ ಕೊಟ್ಟು, ಬೆರಳುಗಳನ್ನು ಅದರ ಸುತ್ತ ಹಿಡಿಸಿದಳು. ಮತ್ತೊಂದು ಲೋಟವನ್ನು ಮುನಿಯಪ್ಪನ ಮುಂದಿಟ್ಟಳು.

"ಅವತ್ತು ನಾನು ಬಿರಿಯಾನಿ ಬಡಿಸುವಾಗ್ಲೂ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು ಅಕ್ಕ."

ಸುಬೈದಾ ತಲೆ ಆಡಿಸಿದಳು. ಪ್ರತಿ ವಾರ "ಬಿಸಿ ಇರುವಾಗ ಕುಡೀರಿ" ಎನ್ನುವವಳು ಈ ಸಲ ಏನೂ ಹೇಳದೆ ಒಳಗೆ ಹೋದಳು. ಲೋಟ ಮುನಿಯಪ್ಪನ ಮುಂದೆ ಹಾಗೇ ಇತ್ತು. ಆಶ್ಲಿ, ಸಂತೋಷ್ ಬಂದು ಬೆಲ್ ಒತ್ತುವ ಹೊತ್ತಿಗೆ ಅದು ಆರಿಹೋಗಿತ್ತು.