ಕುರ್ಚಿ ಬಚ್ಚಿಡುವ ಕುರ್ಚಿಯಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಭಾಂಗಣದ ಕಿಟಕಿಗಳನ್ನೆಲ್ಲ ತೆರೆದಿಟ್ಟು ಕುರ್ಚಿಯಣ್ಣ ಕುರ್ಚಿ ಹಾಕುತ್ತಿದ್ದಾರೆ. ಎರಡೆರಡನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಸದ್ದಾಗದಂತೆ ಇಳಿಸುತ್ತಾರೆ. ಒಂದರ ಕಾಲು ಅಲುಗಾಡಿದರೆ ಹಳೆಯ ಆಮಂತ್ರಣ ಪತ್ರಿಕೆ ಮಡಚಿ ಕೆಳಗೆ ತುರುಕುತ್ತಾರೆ.

ಸಭಾಂಗಣದ ಉಸ್ತುವಾರಿ ನನ್ನದು. ಊರಿನ ಹೊಸ ಹಾಡುಗಳು ಬಿಡುಗಡೆಯಾಗುವುದು ಇಲ್ಲೇ. ಪಕ್ಕದ ಕೋಣೆಯಲ್ಲಿ ಚಿತ್ರಕಲಾ ಪ್ರದರ್ಶನ. ಕುರ್ಚಿಯಣ್ಣ ಮೊದಲು ಬಟ್ಟೆ ಗಿರಣಿಯಲ್ಲಿದ್ದರು. ಗಿರಣಿ ಬಾಗಿಲು ಹಾಕಿದ ಮೇಲೆ ಹೊಟ್ಟೆಪಾಡಿಗೆಂದು ಇಲ್ಲಿಗೆ ಬಂದವರು ಇಲ್ಲೇ ಬೇರುಬಿಟ್ಟರು.

ಅವರದೊಂದು ಕಿತಾಪತಿಯಿದೆ. ನೂರು ಕುರ್ಚಿ ಹಾಕಿ ಎಂದರೆ ಅರ್ಧವನ್ನೂ ಹಾಕುವುದಿಲ್ಲ. ಉಳಿದವು ಪರದೆಯ ಹಿಂದೆ. ಜನ ಬಂದ ಹಾಗೆ ಒಂದೊಂದೇ ಹೊರಗೆ ಬರುತ್ತವೆ.

"ಹೊಸದಾಗಿ ಹಾಡೋರಿಗೆ ಎದುರಿಗೆ ಖಾಲಿ ಕುರ್ಚಿ ಕಂಡ್ರೆ ಗಂಟಲು ಕಟ್ಟುತ್ತೆ ಸಾರ್. ಕುರ್ಚಿ ಸಾಲ್ತಿಲ್ಲ ಅಂದ್ರೆ ಅದರ ಗಮ್ಮತ್ತೇ ಬೇರೆ."

ಚಿತ್ರಗಳಿಗೂ ಇದೇ ಉಪಾಯ. ಯಾರೂ ನಿಲ್ಲದ ಚಿತ್ರದ ಮುಂದೆ ಬೆಂಚು ಎಳೆದಿಡುತ್ತಾರೆ. "ಕಾಲು ನೋವು ಅಂತ ಕೂತವ್ರು ಕಣ್ಣು ಮುಚ್ಕೊಂಡಿರಲ್ವಲ್ಲ." ಇಂಥ ಮೋಸಕ್ಕೆ ನನ್ನ ಪೂರ್ಣ ಬೆಂಬಲವಿದೆ.

ಇವತ್ತು ಬಿಡುಗಡೆಯಾಗುವುದು ಅವರ ಮಗಳದೇ ಹಾಡುಗಳು, ಮೊದಲ ಬಾರಿಗೆ. ಹೊಲಿಗೆ ಯಂತ್ರ ತುಳಿಯುತ್ತಲೇ ಹಾಡು ಕಲಿತವಳು. ಅಪ್ಪ ನಾಲ್ಕೇ ಸಾಲು ಕುರ್ಚಿ ಹಾಕಿ ನಿಲ್ಲಿಸಿದ್ದಾರೆ. ಒಳಗೆ ಬಂದ ಮಗಳು ಸೀದಾ ಹೋಗಿ ಪರದೆ ಸರಿಸುತ್ತಾಳೆ.

"ಅಪ್ಪಾ, ಇವನ್ನೂ ಹಾಕು. ನಿನ್ನ ಆಟ ನನ್ನ ಹತ್ರ ಬೇಡ."

"ಖಾಲಿ ಉಳಿದ್ರೆ ಏನಮ್ಮಾ ಮಾಡ್ತೀಯ?"

"ಉಳೀಲಿ. ನಿಜವಾಗ್ಲೂ ಎಷ್ಟು ಜನ ಬಂದ್ರು ಅಂತ ನಂಗೆ ಕಾಣ್ಬೇಕು. ಖಾಲಿ ಇದ್ರೆ ಮುಂದಿನ ಸಲ ಅವು ತುಂಬೋ ಹಾಗೆ ಹಾಡ್ತೀನಿ."

ಕುರ್ಚಿಯಣ್ಣ ನನ್ನ ಮುಖ ನೋಡುತ್ತಾರೆ. ನಾನು ಮಗಳ ಕಡೆ. ಗೊಣಗಿಕೊಂಡೇ ಎಲ್ಲವನ್ನೂ ತಂದು ಹಾಕುತ್ತಾರೆ. ಕೊನೆಯ ಸಾಲು ಬಾಗಿಲಿನವರೆಗೂ ಹೋಗಿದೆ.

ಇಷ್ಟು ವರ್ಷ ಎಲ್ಲ ಕಾರ್ಯಕ್ರಮಗಳನ್ನೂ ಅವರು ನೋಡಿದ್ದು ಪರದೆಯ ಪಕ್ಕ ನಿಂತು. ಇವತ್ತು ಅಲ್ಲಿಂದ ತರಲು ಒಂದೂ ಉಳಿದಿಲ್ಲ. ಮಡಚಿದ್ದ ಅಂಗಿಯ ತೋಳು ಇಳಿಸಿ, ಗುಂಡಿ ಹಾಕಿಕೊಂಡು, ಮೊದಲ ಸಾಲಿನಲ್ಲಿ ಕೂರುತ್ತಾರೆ.

"ಶುರುವಾಗೋಕೆ ಇನ್ನೂ ಟೈಮಿದೆಯಲ್ಲಾ?" ಎನ್ನುತ್ತೇನೆ.

"ಇರ್ಲಿ ಬಿಡಿ ಸಾರ್. ನಾನು ಕೂತ್ರೆ ಒಂದು ಖಾಲಿ ಕಮ್ಮಿ ಆಯ್ತಲ್ಲ."